ಸನ್ಯಾಸಿ ಏಡಿಯ ತೊಟ್ಟಿಯಲ್ಲಿ ತೇವದ ಲೆಕ್ಕ

ಮಾರ್ಚ್ ತಿಂಗಳಲ್ಲಿ ತ್ಯಾಗರಾಜನಗರದ ಯಾವುದಾದರೂ ಮನೆಯ ತಾರಸಿ ಹತ್ತಿ ನೋಡಿ. ಹಳೆಯ ಸೀರೆಯ ಮೇಲೆ ಸಂಡಿಗೆಯನ್ನೋ ಹಪ್ಪಳವನ್ನೋ ಹರಡಿರುತ್ತಾರೆ. ಬೆಳಿಗ್ಗೆ ಹರಡಿದ್ದು ಸಂಜೆಗೆ ಗರಿಗರಿ. ಬಿಸಿಲಿಗೆ ಒಣಗಿತು ಎನ್ನುತ್ತೇವೆ. ಅದು ಅರ್ಧ ಸತ್ಯ. ಬಿಸಿಲು ಮಂಗಳೂರಿನಲ್ಲೂ ಇದೆ. ಆದರೆ ಅಲ್ಲಿ ಹಪ್ಪಳ ಒಣಗಿಸುವವರಿಗೆ ಇಷ್ಟು ಸಲೀಸಲ್ಲ. ಉಳಿದರ್ಧ ಕೆಲಸ ಮಾಡುವುದು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ ಕುಳಿತ ನಮ್ಮ ಊರಿನ ಒಣ ಗಾಳಿ.

ಹಪ್ಪಳಕ್ಕೆ ವರವಾದ ಈ ಗಾಳಿಯೇ ನಮ್ಮ ಬೀದಿಯ ಒಂದು ಮನೆಯಲ್ಲಿ ಒಂದು ಜೀವಕ್ಕೆ ಕುತ್ತಾಯಿತು. ಪಿಯುಸಿ ಓದುವ ಹುಡುಗನೊಬ್ಬ ಜನವರಿಯಲ್ಲಿ ಮೂರು ನೆಲವಾಸಿ ಸನ್ಯಾಸಿ ಏಡಿಗಳನ್ನು ಸಾಕಲು ತಂದಿದ್ದ. ಗಾಜಿನ ತೊಟ್ಟಿ, ಮೇಲೆ ತಂತಿ ಬಲೆಯ ಮುಚ್ಚಳ, ಅಡಿಯಲ್ಲಿ ಎರಡು ಬೆರಳು ದಪ್ಪ ಒಣ ಮರಳು, ಮೂಲೆಯಲ್ಲಿ ಒಂದು ಒದ್ದೆ ಸ್ಪಂಜು. ಮಾರ್ಚ್ ಕೊನೆಗೆ ಒಂದು ಏಡಿ ಸತ್ತಿತು, ಇನ್ನೊಂದು ಕಾಣೆಯಾಯಿತು. ಮೂರನೆಯದು ನೀರಿನ ಬಟ್ಟಲು ಬಿಟ್ಟು ಅಲುಗುತ್ತಿರಲಿಲ್ಲ. ಹುಡುಗ ನನ್ನ ಬಳಿ ಬಂದು ಕೇಳಿದ: "ಅಂಕಲ್, ದಿನಕ್ಕೆ ಮೂರು ಸಲ ನೀರು ಸಿಂಪಡಿಸ್ತಿದ್ದೀನಿ. ಆದ್ರೂ ಯಾಕೆ ಹೀಗೆ?"

ಒಳ್ಳೆಯ ಪ್ರಶ್ನೆ. ನೀರು ಸಿಂಪಡಿಸುವುದಕ್ಕೂ ಗಾಳಿ ತೇವವಾಗಿರುವುದಕ್ಕೂ ನಾವು ತಿಳಿದಷ್ಟು ಹತ್ತಿರದ ನಂಟಿಲ್ಲ. ನೀವು ಭೌತಶಾಸ್ತ್ರದ ಪಾಠದಲ್ಲಿ ಓದಿ ಮರೆತ ಒಂದು ಮಾತು ಇಲ್ಲಿ ಒಂದು ಪ್ರಾಣಿಯ ಉಸಿರಿನ ಪ್ರಶ್ನೆಯಾಗುತ್ತದೆ.

ನೆಲದ ಮೇಲೆ ಕಿವಿರಿನ ಬಾಳು

ಮೊದಲು ಪ್ರಾಣಿಯ ಪರಿಚಯ ಆಗಲಿ. ಸನ್ಯಾಸಿ ಏಡಿಗೆ ಮುಂಭಾಗದಲ್ಲಿ ಗಟ್ಟಿ ಕವಚವಿದೆ, ಹೊಟ್ಟೆಯ ಭಾಗ ಮಾತ್ರ ಮೆತ್ತಗೆ. ಅದನ್ನು ಕಾಪಾಡಿಕೊಳ್ಳಲು ಸತ್ತ ಶಂಖದ ಹುಳುವಿನ ಖಾಲಿ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ, ಬೆಳೆದಂತೆ ದೊಡ್ಡ ಚಿಪ್ಪಿಗೆ ಮನೆ ಬದಲಾಯಿಸುತ್ತದೆ. ಹತ್ತು ಕಾಲುಗಳಲ್ಲಿ ಕೊನೆಯ ಎರಡು ಜೊತೆ ಕುಗ್ಗಿ ಚಿಕ್ಕದಾಗಿ, ಚಿಪ್ಪನ್ನು ಒಳಗಿನಿಂದ ಹಿಡಿದುಕೊಳ್ಳುವ ಕೆಲಸಕ್ಕೆ ಮೀಸಲಾಗಿವೆ. ಗುಹೆಯಲ್ಲಿ ಒಬ್ಬಂಟಿಯಾಗಿ ಕೂತಂತೆ ಕಾಣುವುದರಿಂದ ಸನ್ಯಾಸಿ ಎಂಬ ಹೆಸರು ಬಂತು. ನಿಜಕ್ಕೆ ಅದು ಗುಂಪಿನಲ್ಲಿ ಬಾಳುವ ಪ್ರಾಣಿ, ಹೆಸರು ಅಷ್ಟೇನೂ ಹೊಂದುವುದಿಲ್ಲ.

ಸನ್ಯಾಸಿ ಏಡಿಗಳಲ್ಲಿ ಬಹುಪಾಲು ಸಮುದ್ರವಾಸಿಗಳು. ನೆಲದ ಮೇಲೆ ಬದುಕಲು ಕಲಿತದ್ದು ಸೀನೊಬೈಟಾ ಎಂಬ ಕುಲ. ಭಾರತದಲ್ಲಿ ಲಕ್ಷದ್ವೀಪ ಮತ್ತು ಅಂಡಮಾನ್-ನಿಕೋಬಾರ್ ದ್ವೀಪಗಳ ದಂಡೆಗಳಲ್ಲಿ ಇವು ಯಥೇಚ್ಛ. ಇವುಗಳ ಹತ್ತಿರದ ಬಂಧುವೇ ತೆಂಗಿನ ಏಡಿ. ನಾಲ್ಕು ಕಿಲೋವರೆಗೆ ತೂಗುವ, ನೆಲದ ಮೇಲೆ ವಾಸಿಸುವ ಅತಿ ದೊಡ್ಡ ಸಂಧಿಪದಿ ಅದು. ನಿಕೋಬಾರ್ ದ್ವೀಪಗಳಲ್ಲಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹೆಸರು ಪಡೆದಿದೆ.

ನೆಲಕ್ಕೆ ಬಂದ ಸೀನೊಬೈಟಾ ಸಮುದ್ರವನ್ನು ಪೂರಾ ಬಿಟ್ಟು ಬರಲಿಲ್ಲ. ನಮ್ಮಂತೆ ಎದೆಯೊಳಗೆ ಅಡಗಿದ ಶ್ವಾಸಕೋಶ ಅದಕ್ಕಿಲ್ಲ. ಅದರಲ್ಲಿ ಇರುವುದು ಕುಗ್ಗಿದ ಕಿವಿರುಗಳು, ಕಿವಿರು ಕೋಣೆಯ ಒಳಗೋಡೆ, ಜೊತೆಗೆ ಮೆತ್ತಗಿನ ಹೊಟ್ಟೆಯ ಚರ್ಮ. ಗಾಳಿಯ ಆಮ್ಲಜನಕ ಇವುಗಳ ಮೂಲಕವೇ ರಕ್ತಕ್ಕೆ ಸೇರಬೇಕು. ಆಮ್ಲಜನಕ ಮೊದಲು ತೆಳುವಾದ ನೀರಿನ ಪೊರೆಯಲ್ಲಿ ಕರಗುತ್ತದೆ, ಅನಂತರ ಒಳಗೆ ಹೋಗುತ್ತದೆ. ಆ ಪೊರೆ ಆರಿದರೆ ಸುತ್ತ ಎಷ್ಟು ಗಾಳಿಯಿದ್ದರೂ ಉಪಯೋಗವಿಲ್ಲ. ನೀರಿನಿಂದ ಹೊರಗೆ ತೆಗೆದ ಮೀನು ಗಾಳಿಯ ನಡುವೆಯೇ ಉಸಿರುಕಟ್ಟುತ್ತದಲ್ಲ, ಅದೇ ಕಥೆ. ಏಡಿಯಲ್ಲಿ ಬಹಳ ನಿಧಾನವಾಗಿ, ವಾರಗಟ್ಟಲೆ ನಡೆಯುತ್ತದೆ. ಆದ್ದರಿಂದಲೇ ಸಾಕಿದವರಿಗೆ ಗೊತ್ತಾಗುವುದಿಲ್ಲ. "ತಂದಾಗ ಚೆನ್ನಾಗಿತ್ತು, ಎರಡು ತಿಂಗಳಿಗೆ ಸತ್ತುಹೋಯಿತು, ಅದರ ಆಯುಸ್ಸೇ ಅಷ್ಟು" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಸರಿಯಾಗಿ ನೋಡಿಕೊಂಡರೆ ಮೂವತ್ತು ವರ್ಷ ದಾಟಿ ಬದುಕಿದ ಉದಾಹರಣೆಗಳಿವೆ.

ಏಡಿ ತನ್ನ ಮಟ್ಟಿಗೆ ಒಂದು ಉಪಾಯ ಮಾಡಿಕೊಂಡಿದೆ. ಬೆನ್ನಿನ ಚಿಪ್ಪಿನೊಳಗೆ ಸ್ವಲ್ಪ ನೀರು ತುಂಬಿಕೊಂಡು ಓಡಾಡುತ್ತದೆ. ಸಿಹಿನೀರನ್ನೂ ಉಪ್ಪುನೀರನ್ನೂ ಬೇಕಾದ ಹದಕ್ಕೆ ಬೆರೆಸಿಕೊಳ್ಳುತ್ತದೆ. ಚಿಪ್ಪಿನ ಬಾಯಿ ದೇಹಕ್ಕೆ ಸರಿಹೊಂದಿದರೆ ನೀರು ಬೇಗ ಆರುವುದಿಲ್ಲ; ಬಿರುಕು ಬಿಟ್ಟ, ಬಾಯಿ ಅಗಲವಾದ ಚಿಪ್ಪಿನಲ್ಲಿ ನಷ್ಟ ಹೆಚ್ಚು. ಏಡಿಯ ಮೊದಲ ತೊಟ್ಟಿ ಅದರ ಚಿಪ್ಪೇ ಎನ್ನಿ. ಹೊರಗಿನ ಗಾಜಿನ ತೊಟ್ಟಿ ಎರಡನೆಯದು. ಹೊರಗಿನ ಗಾಳಿ ಒಣಗಿದಷ್ಟೂ ಒಳಗಿನ ನೀರು ಬೇಗ ಖರ್ಚಾಗುತ್ತದೆ.

ಶೇಕಡಾ ಎಂದರೆ ಯಾವುದರ ಶೇಕಡಾ?

ನೆಲವಾಸಿ ಸನ್ಯಾಸಿ ಏಡಿಗೆ ಬೇಕಾದ ಸಾಪೇಕ್ಷ ಆರ್ದ್ರತೆ ಶೇಕಡಾ 75ರಿಂದ 85. ಉಷ್ಣತೆ 24ರಿಂದ 29 ಡಿಗ್ರಿ ಸೆಲ್ಸಿಯಸ್. ಈ ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಂಡರೆ ಪ್ರಯೋಜನವಿಲ್ಲ, ಏಕೆಂದರೆ ಒಂದು ಇನ್ನೊಂದನ್ನು ಎಳೆಯುತ್ತದೆ.

ಸಾಪೇಕ್ಷ ಆರ್ದ್ರತೆ ಗಾಳಿಯಲ್ಲಿ ಎಷ್ಟು ನೀರಾವಿ ಇದೆ ಎಂದು ಹೇಳುವುದಿಲ್ಲ. ಆ ಉಷ್ಣತೆಯಲ್ಲಿ ಇರಬಹುದಾದ ಗರಿಷ್ಠ ಆವಿಯಲ್ಲಿ ಎಷ್ಟು ಪಾಲು ಇದೆ ಎಂದು ಹೇಳುತ್ತದೆ. ಗರಿಷ್ಠವೋ, ಉಷ್ಣತೆಯ ಜೊತೆ ಬೇಗ ಏರುತ್ತದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಸುಮಾರು 17 ಗ್ರಾಂ ಆವಿ ನಿಲ್ಲುತ್ತದೆ. 25 ಡಿಗ್ರಿಯಲ್ಲಿ 23 ಗ್ರಾಂ. 30 ಡಿಗ್ರಿಯಲ್ಲಿ 30 ಗ್ರಾಂ. ಈಗ ಒಂದು ಲೆಕ್ಕ ಮಾಡಿ. ಬೆಳಿಗ್ಗೆ 20 ಡಿಗ್ರಿಯಲ್ಲಿ ಶೇಕಡಾ 80 ಆರ್ದ್ರತೆ ಇದೆ, ಅಂದರೆ ಘನ ಮೀಟರಿಗೆ ಸುಮಾರು 14 ಗ್ರಾಂ ಆವಿ. ಮಧ್ಯಾಹ್ನಕ್ಕೆ 32 ಡಿಗ್ರಿ ಆಯಿತು. ಒಂದು ಹನಿ ನೀರೂ ಎಲ್ಲಿಗೂ ಹೋಗಲಿಲ್ಲ ಎಂದುಕೊಳ್ಳೋಣ. ಆ ಉಷ್ಣತೆಯಲ್ಲಿ ಗರಿಷ್ಠ ಸುಮಾರು 34 ಗ್ರಾಂ, ಆದ್ದರಿಂದ ಆರ್ದ್ರತೆ ಶೇಕಡಾ 41. ಆವಿ ಅಷ್ಟೇ ಇದೆ, ಗಾಳಿಯ ಬಾಯಾರಿಕೆ ಹೆಚ್ಚಿದೆ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಇದು ಶೇಕಡಾ 30ರ ಆಸುಪಾಸಿಗೂ ಇಳಿಯುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ಚೆನ್ನಾಗಿ ತಣ್ಣಗಾಗಿ, ಆಷಾಢದಲ್ಲಿ ಹಾಗೆ ಆಗದಿರುವುದೂ ಇದೇ ಬಾಯಾರಿಕೆಯ ಆಟ.

ಹುಡುಗ ಮಾಡಿದ್ದೇನು? ಏಡಿಗೆ ಬೆಚ್ಚಗಿರಲಿ ಎಂದು ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟಿದ್ದ. ನೀರು ಸೇರಿಸದೆ ಬಿಸಿಯನ್ನು ಮಾತ್ರ ಸೇರಿಸಿದರೆ ಆರ್ದ್ರತೆ ಇಳಿಯಲೇಬೇಕು.

ಇಂಥದೇ ತಪ್ಪನ್ನು ವಿಜ್ಞಾನ ಪದವಿ ಪಡೆದ ನಾನೂ ಮಾಡಿದ್ದೇನೆ ಎಂದು ಒಪ್ಪಿಕೊಳ್ಳುತ್ತೇನೆ. ಹಿಂದೊಮ್ಮೆ ಇಂಥ ತೊಟ್ಟಿಯೊಂದನ್ನು ಚಿತ್ರೀಕರಿಸುವಾಗ ಗಾಜಿನ ಮುಚ್ಚಳದಲ್ಲಿ ದೀಪದ ಪ್ರತಿಬಿಂಬ ಬೀಳುತ್ತಿತ್ತು. ಮುಚ್ಚಳ ತೆಗೆಸಿದೆ. ಎರಡು ಹ್ಯಾಲೊಜನ್ ದೀಪ ಹಚ್ಚಿಸಿದೆ. ಇಪ್ಪತ್ತು ನಿಮಿಷದಲ್ಲಿ ಒಳಗಿನ ಉಷ್ಣತೆ 26ರಿಂದ 31ಕ್ಕೆ ಏರಿತು, ಆರ್ದ್ರತೆ 80ರಿಂದ 52ಕ್ಕೆ ಬಿತ್ತು. ಏಡಿಗಳೆಲ್ಲ ಚಿಪ್ಪಿನೊಳಗೆ ಸೇರಿ ಬಾಗಿಲು ಹಾಕಿಕೊಂಡವು, ಚಿತ್ರೀಕರಣವೂ ನಿಂತಿತು. ಆಮೇಲೆ ಕೂತು ಲೆಕ್ಕ ಹಾಕಿದೆ. ಬಿಸಿ ಒಂದೇ ಕಾರಣವಾಗಿದ್ದರೆ ಆರ್ದ್ರತೆ 61ರ ಹತ್ತಿರ ನಿಲ್ಲಬೇಕಿತ್ತು. ಮಿಕ್ಕದ್ದು ತೆರೆದ ಬಾಯಿಂದ ಹೊರಟುಹೋದ ಆವಿ. ಆ ದಿನ ಏಡಿಗಳಿಗೆ ಅಪಾಯ ಆಗಲಿಲ್ಲ. ಮುಚ್ಚಳ ಹಾಕಿ ದೀಪ ಆರಿಸಿದ ಮೇಲೆ ಒಂದು ಗಂಟೆಯಲ್ಲಿ ಮುಳ್ಳು ಮತ್ತೆ ಮೇಲೇರಿತು. ಏರಿಸಿದ್ದು ನಾನಲ್ಲ. ತೊಟ್ಟಿಯ ಅಡಿಯಲ್ಲಿದ್ದ ಒದ್ದೆ ಮರಳು.

ಒಂದು ಗ್ರಾಂ ಆವಿ, ಎರಡು ಲೀಟರ್ ಮರಳಿನ ನೀರು

60 ಸೆಂಟಿಮೀಟರ್ ಉದ್ದ, 30 ಅಗಲ, 40 ಎತ್ತರದ ತೊಟ್ಟಿ ಎಂದುಕೊಳ್ಳಿ. ಅಡಿಯ 15 ಸೆಂಟಿಮೀಟರ್ ಮರಳು. ಮೇಲೆ ಉಳಿದ ಗಾಳಿ 45 ಲೀಟರ್. 25 ಡಿಗ್ರಿಯಲ್ಲಿ ಶೇಕಡಾ 80 ಆರ್ದ್ರತೆ ಇರುವಾಗ ಆ ಗಾಳಿಯಲ್ಲಿರುವ ನೀರಾವಿ ಎಷ್ಟು? ನೀವೇ ಗುಣಿಸಿ ನೋಡಿ: ಒಂದು ಗ್ರಾಮಿಗೂ ಕಡಿಮೆ! ಚಮಚದ ಕಾಲು ಭಾಗವೂ ಇಲ್ಲ. ಮುಚ್ಚಳ ತೆಗೆದು ಒಂದು ಸಲ ಬೀಸಿದರೆ ಅದು ಮಾಯ.

ಸಿಂಪಡಿಸುವ ಬಾಟಲಿಯನ್ನು ನಾಲ್ಕು ಸಲ ಒತ್ತಿದರೆ ಗಾಳಿ ಹಿಡಿಯಬಲ್ಲದ್ದಕ್ಕಿಂತ ಹೆಚ್ಚು ನೀರು ಒಳಗೆ ಬೀಳುತ್ತದೆ. ಮಾಪಕ ತಟ್ಟನೆ 90ಕ್ಕೆ ಹಾರುತ್ತದೆ, ಹುಡುಗನಿಗೆ ಸಂತೋಷ. ಹೆಚ್ಚಾದ ನೀರು ಗಾಜಿನ ಮೇಲೂ ಮರಳಿನ ಮೇಲ್ಪದರದಲ್ಲೂ ಕೂರುತ್ತದೆ, ತಂತಿ ಬಲೆಯ ಮೂಲಕ ಒಣ ಗಾಳಿ ಒಳಗೆ ಬಂದು ಅದನ್ನು ಎತ್ತಿಕೊಂಡು ಹೋಗುತ್ತದೆ. ಎರಡು ಗಂಟೆಯಲ್ಲಿ ಮುಳ್ಳು 45. ಶಾಲೆಯಿಂದ ಬಂದು ಮತ್ತೆ ಸಿಂಪಡಣೆ. ದಿನವಿಡೀ ಏರಿಳಿತ. ನಡುವಿನ ಒಣ ಗಂಟೆಗಳಲ್ಲಿ ಏಡಿಯ ಕಿವಿರು ಆರುತ್ತಿರುತ್ತದೆ, ಮೇಲ್ಪದರ ಮಾತ್ರ ಒದ್ದೆಯಾಗಿ ಬೂಷ್ಟು ಹಿಡಿಯುತ್ತದೆ. ಎರಡೂ ಕೆಟ್ಟದ್ದು ಒಟ್ಟಿಗೆ.

ಆದ್ದರಿಂದ ನೀರನ್ನು ಕೂಡಿಡಬೇಕಾದ ಜಾಗ ಗಾಳಿಯಲ್ಲ, ಮರಳು. ಅದೇ 15 ಸೆಂಟಿಮೀಟರ್ ಆಳದ ಮರಳು ಸರಿಯಾದ ಹದದಲ್ಲಿ ಎರಡು ಲೀಟರ್ ನೀರನ್ನು ಸುಲಭವಾಗಿ ಹಿಡಿದಿರುತ್ತದೆ. ಗಾಳಿಯಲ್ಲಿ ಒಂದು ಗ್ರಾಂ ಕಳೆದಾಗ ಮರಳು ಸದ್ದಿಲ್ಲದೆ ಒಂದು ಗ್ರಾಂ ತುಂಬಿಕೊಡುತ್ತದೆ. ಬ್ಯಾಂಕಿನಲ್ಲಿ ಠೇವಣಿ ಇದ್ದರೆ ಜೇಬಿನ ಚಿಲ್ಲರೆಯ ಚಿಂತೆ ಇಲ್ಲ!

ಮರಳಿನ ಹದ ಹೀಗೆ. ಐದು ಪಾಲು ನಯವಾದ ತೊಳೆದ ಮರಳು, ಒಂದು ಪಾಲು ತೆಂಗಿನ ನಾರಿನ ಪುಡಿ. ನರ್ಸರಿಗಳಲ್ಲಿ ಇಟ್ಟಿಗೆಯಂತೆ ಒತ್ತಿ ಮಾರುವ ಪುಡಿಯೇ ಆದೀತು. ತೆಂಗಿನ ನಾಡಿನಲ್ಲಿರುವ ನಮಗೆ ಅದಕ್ಕೆ ಬರವಿಲ್ಲ. ಗೊಬ್ಬರ ಬೆರೆಸಿದ್ದು ಬೇಡ, ನೀರಿನಲ್ಲಿ ಎರಡು ಸಲ ತೊಳೆದು ಹಿಂಡಿ. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಬೇಡ, ಅದರ ಹರಳುಗಳಿಗೆ ಚೂಪು ಅಂಚಿರುತ್ತದೆ, ಕಲ್ಲಿನ ದೂಳೂ ಸೇರಿರುತ್ತದೆ. ಮಿಶ್ರಣವನ್ನು ಸಮುದ್ರದ ಉಪ್ಪು ಕರಗಿಸಿದ ನೀರಿನಿಂದ ನೆನೆಸಿ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಿಂದ ನೀರು ಇಳಿಯಬಾರದು. ರವೆ ಉಂಡೆ ಕಟ್ಟುವವರಿಗೆ ಈ ಹದ ಹೇಳಿಕೊಡಬೇಕಾಗಿಲ್ಲ. ಆಳ ಕನಿಷ್ಠ 15 ಸೆಂಟಿಮೀಟರ್, ಏಡಿ ದೊಡ್ಡದಾದರೆ ಅದರ ಎತ್ತರದ ಮೂರು ಪಟ್ಟು. ಇಷ್ಟು ಮರಳು ನಲವತ್ತು ಕಿಲೋ ಹತ್ತಿರ ತೂಗುತ್ತದೆ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ತೊಟ್ಟಿ ಇಡಲು ಹೋಗಬೇಡಿ.

ಎರಡನೆಯದು ಮುಚ್ಚಳ. ತಂತಿ ಬಲೆ ತೆಗೆದು ಗಾಜಿನ ಹಲಗೆ ಹಾಕಿ, ಒಂದು ಮೂಲೆಯಲ್ಲಿ ಕಿರುಬೆರಳಗಲ ಸಂದು ಬಿಡಿ. ಬಲೆಯ ಮುಚ್ಚಳವೇ ಇರುವುದಾದರೆ ಮುಕ್ಕಾಲು ಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಉಸಿರುಕಟ್ಟುವುದಿಲ್ಲವೇ ಎಂದು ಕೇಳುತ್ತೀರಿ. ಈ ಪುಟ್ಟ ಪ್ರಾಣಿಗಳಿಗೆ ಬೇಕಾದ ಗಾಳಿ ಅಲ್ಪ, ಆ ಸಂದು ಮತ್ತು ದಿನಕ್ಕೊಮ್ಮೆ ಆಹಾರ ಇಡಲು ತೆರೆಯುವುದು ಸಾಕು.

ಮೂರನೆಯದು ಎರಡು ನೀರಿನ ಬಟ್ಟಲು. ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪು ಕರಗಿಸಿದ ನೀರು. ಅಡುಗೆ ಉಪ್ಪು ಇಲ್ಲಿ ಒದಗುವುದಿಲ್ಲ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಲವಣಗಳೂ ಇವೆ. ಉಪ್ಪುನೀರಿನ ಮೀನು ಸಾಕುವವರು ಬಳಸುವ ಲವಣವನ್ನು ಅಕ್ವೇರಿಯಂ ಅಂಗಡಿಯಲ್ಲಿ ಕೇಳಿ. ಬಟ್ಟಲು ಏಡಿ ಮುಳುಗುವಷ್ಟು ಆಳವಿರಲಿ, ಹತ್ತಿ ಬರಲು ಒಳಗೆ ಕಲ್ಲು ಇರಲಿ. ನಲ್ಲಿಯಲ್ಲಿ ಬರುವ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ ಕ್ಲೋರಿನ್ ಬೆರೆಸಿ ಕಳಿಸುತ್ತಾರೆ. ನಮಗೆ ಒಳ್ಳೆಯದು, ಕಿವಿರಿಗೆ ಅಲ್ಲ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ಕ್ಲೋರಮೀನ್ ಬೆರೆತ ನೀರಾದರೆ ಹೀಗೆ ಇಟ್ಟರೆ ಸಾಲದು, ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಹನಿ ಹಾಕುವುದೇ ಕ್ಷೇಮ. ಸ್ಪಂಜನ್ನು ತೆಗೆದು ಎಸೆಯಿರಿ. ಆರ್ದ್ರತೆಗೆ ಅದರ ಕೊಡುಗೆ ಅತ್ಯಲ್ಪ, ಬ್ಯಾಕ್ಟೀರಿಯಾ ಸಾಕಲು ಮಾತ್ರ ಉತ್ತಮ.

ಉಪ್ಪಿನ ಡಬ್ಬಿಯ ಪರೀಕ್ಷೆ

ಇಷ್ಟೆಲ್ಲ ಮಾಡಿದರೂ ಆರ್ದ್ರತೆ ಎಷ್ಟಿದೆ ಎಂದು ಅಳೆಯದೆ ತಿಳಿಯುವುದಿಲ್ಲ. ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಎಂಬ ವಿಜ್ಞಾನಿ ಹದಿನೆಂಟನೆಯ ಶತಮಾನದಲ್ಲಿ ಮನುಷ್ಯರ ಕೂದಲಿನಿಂದ ಆರ್ದ್ರತಾಮಾಪಕ ಮಾಡಿ, 1783ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ತೇವ ಹೆಚ್ಚಿದರೆ ಕೂದಲು ತುಸು ಉದ್ದವಾಗುತ್ತದೆ, ಒಣಗಿದರೆ ಕುಗ್ಗುತ್ತದೆ. ಇಂದು ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವುದು ಮುಳ್ಳಿನ ಮಾಪಕ ಅಥವಾ ಅಂಕಿ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ಮಾಪಕ. ಮುಳ್ಳಿನದು ಹತ್ತು ಹದಿನೈದು ಅಂಶ ಸುಳ್ಳು ಹೇಳಿದರೂ ಆಶ್ಚರ್ಯವಿಲ್ಲ. ಅದನ್ನು ಹಿಡಿಯುವ ಉಪಾಯ ನಿಮ್ಮ ಅಡುಗೆಮನೆಯಲ್ಲೇ ಇದೆ.

ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಏಕೆ ನೀರೊಡೆಯುತ್ತದೆ ಎಂದು ಯೋಚಿಸಿದ್ದೀರಾ? ಶುದ್ಧ ಸೋಡಿಯಂ ಕ್ಲೋರೈಡಿಗೆ ಒಂದು ಗಡಿ ಇದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75 ದಾಟಿದರೆ ಉಪ್ಪು ಗಾಳಿಯಿಂದ ನೀರು ಹೀರಿ ಕರಗತೊಡಗುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಒದ್ದೆ ಉಪ್ಪು ತನ್ನ ನೀರನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಲವಣ ಬೆರೆತಿರುವುದರಿಂದ ಅದು ಇನ್ನೂ ಮೊದಲೇ ಒದ್ದೆಯಾಗುತ್ತದೆ, ಆ ಮಾತು ಬೇರೆ. ಈಗ ಒದ್ದೆ ಉಪ್ಪನ್ನು ಒಂದು ಮುಚ್ಚಿದ ಚೀಲದಲ್ಲಿಟ್ಟರೆ? ಒಳಗಿನ ಗಾಳಿ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ, ಮೇಲೆಯೂ ಇಲ್ಲ ಕೆಳಗೆಯೂ ಇಲ್ಲ.

ಸೋಡಾ ಬಾಟಲಿಯ ಮುಚ್ಚಳದ ತುಂಬ ಪುಡಿ ಉಪ್ಪು ಹಾಕಿ. ಹನಿಹನಿಯಾಗಿ ನೀರು ಬಿಟ್ಟು ಒದ್ದೆ ಮರಳಿನಂತೆ ಮಾಡಿ, ಪೂರ್ತಿ ಕರಗಬಾರದು. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಈ ಮುಚ್ಚಳವನ್ನೂ ಮಾಪಕವನ್ನೂ ಇಟ್ಟು, ಒಂದಕ್ಕೊಂದು ತಗುಲದಂತೆ ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮಾಪಕ 75 ತೋರಿಸಬೇಕು. 68 ತೋರಿಸಿದರೆ ಇನ್ನು ಮುಂದೆ ಅದು ಹೇಳಿದ್ದಕ್ಕೆಲ್ಲ 7 ಸೇರಿಸಿಕೊಳ್ಳಿ. ಹುಡುಗನ ಮಾಪಕ ಅಂದು 86 ತೋರಿಸಿತು. ಅಂದರೆ ಅವನು ಇಷ್ಟು ದಿನ 70 ಎಂದು ಓದಿದ್ದು ನಿಜಕ್ಕೆ 60ರ ಅಕ್ಕಪಕ್ಕ.

ಮಾಪಕ ಕೊಳ್ಳಲಾಗದವರು ಎರಡು ಉಷ್ಣಮಾಪಕ ತೆಗೆದುಕೊಂಡು ಒಂದರ ಬುಡಕ್ಕೆ ಒದ್ದೆ ಮಲ್ ಬಟ್ಟೆ ಸುತ್ತಿ ಗಾಳಿ ಬೀಸಬಹುದು. ಒಣ ಬುಡ 25, ಒದ್ದೆ ಬುಡ 22 ತೋರಿಸಿದರೆ ಆರ್ದ್ರತೆ ಶೇಕಡಾ 77 ಆಯಿತು. ಕಾಲೇಜಿನ ಪ್ರಯೋಗಾಲಯದಲ್ಲಿ ಇದರ ಪೂರ್ತಿ ಕೋಷ್ಟಕ ಇರುತ್ತದೆ. ಬೀಸುವುದನ್ನು ಮರೆತರೆ ಉತ್ತರ ತಪ್ಪು. ಮುಚ್ಚಿದ ತೊಟ್ಟಿಯೊಳಗೆ ಬೀಸಲಾಗುವುದಿಲ್ಲವಾದ್ದರಿಂದ ಈ ಉಪಾಯ ಕೋಣೆಯ ಗಾಳಿಗೆ ಮಾತ್ರ. ತೊಟ್ಟಿಗೆ ಮಾಪಕವೇ ಬೇಕು. ಏಡಿ ಓಡಾಡುವ ಎತ್ತರದಲ್ಲಿ, ನೀರಿನ ಬಟ್ಟಲಿನಿಂದ ದೂರದಲ್ಲಿ ಅದನ್ನು ಇಡಿ.

ಅತಿಯಾದರೂ ಆಪತ್ತು

ಕಾಣೆಯಾದ ಎರಡನೆಯ ಏಡಿಯನ್ನು ಹುಡುಕಲು ಹುಡುಗ ಮರಳು ಅಗೆಯುವವನಿದ್ದ. ಬೇಡ ಎಂದೆ. ಏಡಿ ಬೆಳೆಯಬೇಕಾದರೆ ಹೊರಕವಚ ಕಳಚಬೇಕು. ಹಾವು ಪೊರೆ ಬಿಟ್ಟ ಹಾಗೆ. ಆಗ ಅದು ಮರಳಿನೊಳಗೆ ಹೂತುಕೊಂಡು, ಪುಟ್ಟ ಗೂಡು ಮಾಡಿ, ಕಳಚಿದ ಕವಚವನ್ನೇ ತಿಂದು ಅದರ ಕ್ಯಾಲ್ಸಿಯಂ ಮರಳಿ ಪಡೆಯುತ್ತದೆ. ಚಿಕ್ಕದಕ್ಕೆ ಕೆಲವು ವಾರ, ದೊಡ್ಡದಕ್ಕೆ ಎರಡು ಮೂರು ತಿಂಗಳು. ಮೈ ಮೇಣದಂತಿರುವ ಆ ದಿನಗಳಲ್ಲಿ ಅಗೆದು ತೆಗೆದರೆ ಸಾವು ಬಹುತೇಕ ಖಚಿತ. ಮರಳು ಒಣಗಿದ್ದರೆ ಗೂಡು ಕುಸಿಯುತ್ತದೆ. ಎರಡು ಬೆರಳು ದಪ್ಪದ ಮರಳಿನಲ್ಲಿ ಏಡಿ ಪೂರ್ತಿ ಹೂತುಕೊಳ್ಳಲೂ ಆಗುವುದಿಲ್ಲ, ಅದು ಒಂದು ಮರದ ತುಂಡಿನ ಕೆಳಗೆ ಹೇಗೋ ತೂರಿಕೊಂಡಿತ್ತು. ಆ ಮೂಲೆಯನ್ನು ಮುಟ್ಟದೆ, ಸುತ್ತ ಹದದ ಮರಳು ತುಂಬಿ, ಮುಚ್ಚಳ ಬದಲಾಯಿಸಿದೆವು. ಏಳನೆಯ ವಾರ ಅದು ಹೊರಗೆ ಬಂತು, ಕಾಲಿನ ತುದಿಗಳು ಹೊಸದಾಗಿ ಹೊಳೆಯುತ್ತಿದ್ದವು.

ಒಣಗುವ ಭಯಕ್ಕೆ ನೀರು ಸುರಿಯುತ್ತ ಹೋದರೆ ಅದೂ ಸಾವೇ. ಮರಳಿನ ಕೆಳಗೆ ನೀರು ನಿಂತರೆ ಹೂತುಕೊಂಡ ಏಡಿ ಮುಳುಗುತ್ತದೆ. ತೊಟ್ಟಿಯ ಬುಡವನ್ನು ಹೊರಗಿನಿಂದ ಟಾರ್ಚ್ ಹಾಕಿ ನೋಡಿ. ಗಾಜಿಗೆ ಅಂಟಿ ನೀರಿನ ಗೆರೆ ಕಂಡರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಹದ ಮೀರಿದೆ. ಮಾಪಕ 85ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲವಾದರೆ ಮುಚ್ಚಳವನ್ನು ದಿನಕ್ಕೆ ಹತ್ತು ನಿಮಿಷ ಹೆಚ್ಚು ತೆರೆದಿಡಿ, ಹಣ್ಣಿನ ಚೂರುಗಳನ್ನು ಅಂದಂದೇ ತೆಗೆಯಿರಿ. ಗಾಜಿನ ಒಳಮೈಯಲ್ಲಿ ಹನಿ ಕಂಡ ಕೂಡಲೇ ಮಾತ್ರ ಗಾಬರಿಯಾಗಬೇಡಿ. 25 ಡಿಗ್ರಿಯಲ್ಲಿ ಶೇಕಡಾ 80 ಆರ್ದ್ರತೆಯ ಗಾಳಿ, ಸುಮಾರು 21 ಡಿಗ್ರಿಗೆ ತಣಿದ ಗಾಜನ್ನು ಮುಟ್ಟಿದರೆ ಹನಿ ಕಟ್ಟುತ್ತದೆ. ಚಳಿಗಾಲದ ರಾತ್ರಿ ಕೋಣೆ ಅಷ್ಟು ತಣ್ಣಗಾಗುವುದು ಸಹಜ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ನೋಡಿದ್ದೇ ಇದು.

ನಮ್ಮ ಭಾಗದ ಪಂಚಾಂಗ ಹೀಗಿದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ಸಂಕ್ರಾಂತಿಯವರೆಗೆ ತೊಟ್ಟಿಗೆ ಬಿಸಿ ಬೇಕಾಗಬಹುದು. ಬಿಸಿಪಟ್ಟಿಯನ್ನು ಹಿಂದಿನ ಗಾಜಿನ ಹೊರಮೈಗೆ, ಮರಳಿನ ಮಟ್ಟಕ್ಕಿಂತ ಮೇಲೆ ಅಂಟಿಸಿ. ತಳದಲ್ಲಿ ಇಟ್ಟರೆ ಹೂತುಕೊಂಡ ಏಡಿ ಬೇಯುತ್ತದೆ, ಮರಳೂ ಒಣಗುತ್ತದೆ. ಶಿವರಾತ್ರಿಯಿಂದ ಮುಂಗಾರಿನವರೆಗೆ ಒಣ ಗಾಳಿಯ ಕಾಲ. ಬೆಂಗಳೂರು 2016ರ ಏಪ್ರಿಲ್ 24ರಂದು 39.2 ಡಿಗ್ರಿ ಕಂಡ ಊರು. ಆಗ ಬಿಸಿಪಟ್ಟಿ ತೆಗೆದು, ತೊಟ್ಟಿಯನ್ನು ಕಿಟಕಿಯಿಂದ ಒಳಗೋಡೆಯ ಕಡೆಗೆ ಸರಿಸಿ, ಬಟ್ಟಲುಗಳನ್ನು ದಿನವೂ ತುಂಬಿ. ಜೂನ್ ನಂತರ ಕೋಣೆಯ ಗಾಳಿಯೇ ತೇವ, ಕೆಲಸ ಅರ್ಧ ಕಡಿಮೆ.

ಕಡಲತೀರದಿಂದ ತರಬೇಡಿ

ಇದನ್ನು ಓದಿ ಉತ್ಸಾಹ ಬಂದವರಿಗೆ ಒಂದು ಮಾತು. ಶಾಲಾ ಪ್ರವಾಸಕ್ಕೆ ಮಲ್ಪೆ, ಗೋಕರ್ಣ, ಮುರ್ಡೇಶ್ವರಕ್ಕೆ ಹೋದಾಗ ಬಂಡೆಗಳ ನಡುವಿನ ನೀರಿನಲ್ಲಿ ಪುಟ್ಟ ಸನ್ಯಾಸಿ ಏಡಿಗಳು ಕಾಣುತ್ತವೆ. ನೀರಿನ ಬಾಟಲಿಯಲ್ಲಿ ಹಾಕಿ ಬಸ್ಸಿನಲ್ಲಿ ತರುವವರಿದ್ದಾರೆ. ನಮ್ಮ ಕರಾವಳಿಯ ಅಲೆಯ ಅಂಚಿನಲ್ಲಿ ಹೀಗೆ ಸಾಮಾನ್ಯವಾಗಿ ಸಿಗುವುದು ಡಯೋಜಿನಿಸ್, ಕ್ಲಿಬನೇರಿಯಸ್ ಕುಲಗಳವು. ಅವು ಸಮುದ್ರದ ನೀರಿನಲ್ಲೇ ಬಾಳುವಂಥವು. ಮೇಲೆ ಹೇಳಿದ ಆರ್ದ್ರತೆಯ ಲೆಕ್ಕ ಅವಕ್ಕೆ ಅನ್ವಯಿಸುವುದೇ ಇಲ್ಲ. ಶಿರಾಡಿ ಘಾಟಿ ಹತ್ತುವಷ್ಟರಲ್ಲಿ ಬಾಟಲಿಯ ನೀರಿನ ಆಮ್ಲಜನಕ ಮುಗಿದಿರುತ್ತದೆ. ನೋಡಿ, ಚಿತ್ರ ತೆಗೆಯಿರಿ, ಅಲ್ಲೇ ಬಿಡಿ. ಖಾಲಿ ಶಂಖಗಳನ್ನೂ ಚೀಲ ತುಂಬ ತರಬೇಡಿ. ಅವು ಮುಂದಿನ ಏಡಿಯ ಮನೆ. ಅಲ್ಲದೆ ಹಲವು ಜಾತಿಯ ಶಂಖಗಳು 2001ರಲ್ಲಿ ವನ್ಯಜೀವಿ ಕಾಯ್ದೆಯ ರಕ್ಷಣೆಗೆ ಬಂದಿವೆ.

ನೆಲವಾಸಿ ಏಡಿಗಳನ್ನು ಅಂಗಡಿಯಿಂದ ಕೊಳ್ಳುವ ಮುನ್ನವೂ ಯೋಚಿಸಿ. ಅವುಗಳ ಹೆಣ್ಣು ಮೊಟ್ಟೆಗಳನ್ನು ಸಮುದ್ರಕ್ಕೇ ಬಿಡಬೇಕು, ಮರಿಗಳು ವಾರಗಟ್ಟಲೆ ನೀರಿನಲ್ಲಿ ತೇಲಿ ಬೆಳೆದು, ಚಿಕ್ಕ ಚಿಪ್ಪು ಹುಡುಕಿಕೊಂಡು ದಡ ಹತ್ತಬೇಕು. ಮನೆಯಲ್ಲಿ ಇದು ನಡೆಯುವುದು ತೀರ ಕಷ್ಟ, ಆದ್ದರಿಂದ ಜಗತ್ತಿನಾದ್ಯಂತ ಮಾರಾಟವಾಗುವ ಬಹುತೇಕ ಏಡಿಗಳು ಕಡಲತೀರದಿಂದ ಹಿಡಿದು ತಂದವು. ಜಪಾನ್ 1970ರಲ್ಲೇ ತನ್ನ ನೆಲವಾಸಿ ಸನ್ಯಾಸಿ ಏಡಿಗಳನ್ನು ರಾಷ್ಟ್ರದ ನೈಸರ್ಗಿಕ ಸ್ಮಾರಕವೆಂದು ಸಾರಿತು. ನನ್ನನ್ನು ಕೇಳಿದರೆ, ಹೊಸದಾಗಿ ಕೊಳ್ಳುವುದಕ್ಕಿಂತ ಸಾಕಲಾಗದೆ ಬಿಟ್ಟವರ ಏಡಿಗಳನ್ನು ಪಡೆದು ನೋಡಿಕೊಳ್ಳುವುದು ಮೇಲು. ನಮ್ಮ ಬೀದಿಯ ಹುಡುಗನ ತೊಟ್ಟಿಯಲ್ಲಿ ಈಗ ಮೂರು ಏಡಿಗಳಿವೆ. ಮೂರನೆಯದು ಹಾಗೆ ಬಂದದ್ದು, ಬಣ್ಣ ಬಳಿದ ಚಿಪ್ಪಿನೊಂದಿಗೆ. ಪಕ್ಕದಲ್ಲಿ ನಾಲ್ಕು ಬಣ್ಣವಿಲ್ಲದ ಚಿಪ್ಪುಗಳನ್ನು ಇಟ್ಟ ಎರಡನೆಯ ರಾತ್ರಿಯೇ ಅದು ಮನೆ ಬದಲಾಯಿಸಿತು.

ಬೇಸಿಗೆ ರಜೆಯಲ್ಲಿ ನಾಲ್ಕೈದು ದಿನ ಅಜ್ಜಿಯ ಮನೆಗೆ ಹೊರಡುವವರು ಹಿಂದಿನ ದಿನವೇ ಮರಳನ್ನು ಮುಷ್ಟಿಯಲ್ಲಿ ಒತ್ತಿ ನೋಡಿ. ಉಂಡೆ ಒಡೆದರೆ ಅಂಚಿನ ಉದ್ದಕ್ಕೂ ಲೋಟದಷ್ಟು ನೀರು ನಿಧಾನವಾಗಿ ಇಳಿಬಿಡಿ, ಏಡಿ ಹೂತುಕೊಂಡಿರುವ ಮೂಲೆ ಬಿಟ್ಟು. ಎರಡೂ ಬಟ್ಟಲು ತುಂಬಿರಲಿ. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೋಗುವುದಾದರೆ, ದಿನಕ್ಕೆ ಒಂದೇ ಸಲ ಮುಚ್ಚಳ ತೆಗೆಯಬೇಕು, ಸಿಂಪಡಿಸಬಾರದು ಎಂದು ಚೀಟಿಯಲ್ಲಿ ಬರೆದು ಗಾಜಿಗೆ ಅಂಟಿಸಿ ಹೊರಡಿ.